ಕಾಗದದ ಮೇಲಿನ ಬಡಗಿ

ರಾಫೆಲ್ ಲಸ್ರಾದೊನನ್ನು ಕಂಡ ದಿನವೇ ನಾನು ದ್ವೇಷಿಸಲು ಶುರು ಮಾಡಲಿಲ್ಲ. ಅದಕ್ಕೆ ಒಂದು ವರ್ಷ ಹಿಡಿಯಿತು. ಶುರುವಾದ ಮೇಲೆ ಮಾತ್ರ ಆ ಕೆಲಸಕ್ಕೆ ನಾನು ಒಂದು ದಿನವೂ ರಜೆ ಹಾಕಲಿಲ್ಲ.

ಅವನು ಪಿಯಾನೊ ಬಾರಿಸುವವ, ಜಾಝ್ ಬ್ಯಾಂಡಿನ ಯಜಮಾನ. ಹುಟ್ಟಿದ್ದು ಮಂಗಳೂರಿನ ಕುಲಶೇಖರದಲ್ಲಿ. ಇಗರ್ಜಿಯ ಹಾರ್ಮೋನಿಯಂನಲ್ಲಿ ಬೆರಳು ಪಳಗಿಸಿಕೊಂಡು ಹದಿನೇಳನೆಯ ವಯಸ್ಸಿಗೆ ಬೊಂಬಾಯಿಗೆ ಓಡಿದವ. ಅಲ್ಲಿ ಗೋವಾದವರ ಬ್ಯಾಂಡುಗಳಲ್ಲಿ ಸೇರಿ, ದೊಡ್ಡ ಹೊಟೇಲುಗಳಲ್ಲಿ ಬಾರಿಸಿ, ಮೂವತ್ತು ತುಂಬುವುದರೊಳಗೆ ಸ್ವಂತ ಬ್ಯಾಂಡು ಕಟ್ಟಿದ. ಹೊಟೇಲುಗಳಲ್ಲಿ ಜಾಝ್ ಕೇಳುವ ಜನ ಕಡಿಮೆಯಾದ ಮೇಲೆ ಕೆಲವು ವರ್ಷ ಸಿನಿಮಾ ಸ್ಟುಡಿಯೋಗಳಲ್ಲಿ ನೂರು ಪಿಟೀಲುಗಳ ನಡುವೆ ಕೂತ. ಅದು ತನ್ನ ಅಂತಸ್ತಿಗೆ ಸಾಲದು ಎಂದು ಬಿಟ್ಟು ಎರಡು ವರ್ಷ ಹಡಗಿನಲ್ಲಿ ಬಾರಿಸಿ, ೧೯೭೫ರಲ್ಲಿ ಬಹರೈನಿನ ಹೊಟೇಲೊಂದಕ್ಕೆ ಬಂದ. ಇಷ್ಟನ್ನು ನಾನು ಯಾರನ್ನೂ ಕೇಳಿ ತಿಳಿದುಕೊಳ್ಳಬೇಕಾಗಿ ಬರಲಿಲ್ಲ. ಕೇಳದವರಿಗೂ ಅವನೇ ಹೇಳುತ್ತಿದ್ದ.

ನಾನು ಮುಂಡಪ್ಪ, ಕಾರ್ಕಳದ ಕಡೆಯವ, ಬಡಗಿ. ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವ. ನಮ್ಮ ಕಡೆ ಕ್ರಿಶ್ಚಿಯನ್ ಹಿರಿಯರನ್ನು ‘ಪೊರ್ಬುಗಳೇ’ ಎಂದು ಮರ್ಯಾದೆಯಿಂದ ಕರೆಯುತ್ತೇವೆ. ನಾನೂ ಅವನ ಎದುರಿಗೆ ಹಾಗೆಯೇ ಕರೆದೆ, ಕಡೆಯ ದಿನದವರೆಗೂ. ಬರೆಯುವಾಗ ‘ಅವನು’ ಎನ್ನುತ್ತೇನೆ. ಇಷ್ಟಾದರೂ ನನಗಿರಲಿ.

ನಾವಿಬ್ಬರೂ ಒಂದೇ ಅರಬಾಬನ, ಅಂದರೆ ಅರಬ್ಬಿ ಯಜಮಾನನ, ವೀಸಾದಲ್ಲಿ ಬಂದವರು. ಆ ಅರಬಾಬನಿಗೆ ಮನಾಮದಲ್ಲಿ ಹೊಟೇಲು, ಸಲ್ಮಾಬಾದಿನಲ್ಲಿ ಮರದ ವರ್ಕ್‌ಶಾಪು. ಬೊಂಬಾಯಿಯ ಏಜೆಂಟು ಇಪ್ಪತ್ತು ಬಡಗಿಗಳನ್ನೂ ಆರು ಜನ ವಾದ್ಯಗಾರರನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ ಕಳಿಸಿದ್ದ. ಟೈಪು ಮಾಡಿದವನು ಯಾರೋ ಪುಣ್ಯಾತ್ಮ, ಒಂದು ಗೆರೆ ಮೇಲೆ ಕೆಳಗೆ ಮಾಡಿದ. ಬಂದ ವಾರದಲ್ಲಿ ಪಾಸ್‌ಪೋರ್ಟಿಗೆ ಠಸ್ಸೆ ಬಿದ್ದಾಗ ಮುಂಡಪ್ಪ ಸಂಗೀತಗಾರ, ರಾಫೆಲ್ ಲಸ್ರಾದೊ ಬಡಗಿ.

ಕಂಪೆನಿಯ ಕಾಗದಗಳನ್ನು ಸರಕಾರಿ ಕಚೇರಿಗಳಿಗೆ ಒಯ್ದು ತರುವವನು ಉಳ್ಳಾಲದ ಬ್ಯಾರಿ ಹಸೈನಾರ್. ಅಲ್ಲಿ ಆ ಕೆಲಸದವನಿಗೆ ಮಂದೂಬ್ ಎನ್ನುತ್ತಾರೆ. ಹಸೈನಾರ್ ನಕ್ಕು, ಇಬ್ಬರೂ ಒಬ್ಬನೇ ಯಜಮಾನನ ಕೈಕೆಳಗೆ ಇದ್ದೀರಿ, ಯಾರು ಏನು ಮಾಡಿದರೂ ಕೇಳುವವರಿಲ್ಲ, ಹೋಗಿ ಕೆಲಸ ನೋಡಿ ಎಂದ. ನಾನು ವರ್ಕ್‌ಶಾಪಿಗೆ ಹೋದೆ, ರಾಫೆಲ್ ಹೊಟೇಲಿಗೆ ಹೋದ. ಆದರೆ ಅವನ ಬ್ಯಾಂಡಿನವರಿಗೆ ವಿಷಯ ಗೊತ್ತಾಗಿ, ಅವನ ಬೆನ್ನ ಹಿಂದೆ ‘ಆಚಾರಿ ಬಂದ’ ಎಂದು ಹೇಳಲು ಶುರು ಮಾಡಿದರಂತೆ. ಅದು ಅವನ ಕಿವಿಗೆ ಬಿತ್ತು. ಸಿಟ್ಟು ಟೈಪು ಮಾಡಿದವನ ಮೇಲೆ ಹೋಗಬೇಕಿತ್ತು. ಅವನು ಕೈಗೆ ಸಿಗಲಿಲ್ಲ, ನಾನು ಸಿಕ್ಕಿದೆ.

ಒಂದು ವರ್ಷದ ಮೇಲೆ ಹಸೈನಾರ್ ಇದನ್ನು ಸರಿ ಮಾಡುವ ದಾರಿ ಹುಡುಕಿದ. ಇಬ್ಬರೂ ಒಟ್ಟಿಗೆ ಕಚೇರಿಗೆ ಬಂದು ಒಂದೇ ಅರ್ಜಿಗೆ ಸಹಿ ಹಾಕಿದರೆ ಕಸುಬು ಅದಲು ಬದಲು ಮಾಡಿಕೊಡುತ್ತಾರೆ ಎಂದ. ಒಂದು ಶನಿವಾರ ನಾನು ಫೋರ್‌ಮನ್ನನ ಕಾಲು ಹಿಡಿದು ರಜೆ ತೆಗೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿ, ಕಚೇರಿಯ ಬೆಂಚಿನಲ್ಲಿ ಬೆಳಿಗ್ಗೆಯಿಂದ ಕೂತೆ. ರಾಫೆಲ್ ಬರಲಿಲ್ಲ. ಮಧ್ಯಾಹ್ನ ಹಸೈನಾರ್ ಹೊಟೇಲಿಗೆ ಹೋಗಿ ಬಂದು, ಹೇಳಲೋ ಬೇಡವೋ ಎಂಬಂತೆ ರಾಫೆಲ್ ಅಂದದ್ದನ್ನು ಹೇಳಿದ.

“ನಾನು ಪಿಯಾನೊ ಬಾರಿಸ್ತೇನೆ ಅಂತ ಹೇಳ್ಳಿಕ್ಕೆ ಒಬ್ಬ ಆಚಾರಿಯ ಸಹಿ ಬೇಕಾ? ಅಂಥ ಗತಿ ನನಗೆ ಬರ್ಲಿಲ್ಲ.”

ನಾನು ಜಾತಿಯಲ್ಲಿ ಆಚಾರಿ ಅಲ್ಲ, ಸಾಮಿಲ್ಲಿನಲ್ಲಿ ಕೆಲಸ ಕಲಿತವ. ಆಚಾರಿಯಾಗಿದ್ದರೂ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ. ಅವನ ಬಾಯಲ್ಲಿ ಆ ಮಾತು ಬೈಗುಳವಾಗಿ ಬಂತಲ್ಲ, ಅದಕ್ಕೆ ಮೈ ಉರಿಯಿತು. ಅಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಇನ್ನು ಇವನಿಗಾಗಿ ನಾನು ಆ ಬೆಂಚಿನಲ್ಲಿ ಕೂರುವುದಿಲ್ಲ ಎಂದು.

ಅಷ್ಟರಲ್ಲಿ ಆ ತಪ್ಪು ಠಸ್ಸೆಯಿಂದ ನನಗೊಂದು ಉಪಕಾರವೂ ಆಯಿತು. ಕಂಪೆನಿಯ ನಿಯಮದಲ್ಲಿ ವರ್ಕ್‌ಶಾಪಿನವರಿಗೆ ಸಲ್ಮಾಬಾದಿನ ಕ್ಯಾಂಪು, ಒಂದು ಕೋಣೆಗೆ ಎಂಟು ಜನ. ಹೊಟೇಲಿನ ಕಸುಬಿನವರಿಗೆ, ಮದುವೆಯಾಗಿದ್ದರೆ, ಜಿಂಜ್‌ನಲ್ಲಿ ಎರಡು ಕೋಣೆಯ ಮನೆ, ಹೆಂಡತಿಗೆ ವೀಸಾ. ಕಾಗದದಲ್ಲಿ ನಾನು ಹೊಟೇಲಿನ ಸಂಗೀತಗಾರ ತಾನೆ? ೧೯೭೮ರಲ್ಲಿ ಉಮಾವತಿ ಬಂದಳು. ಬಡಗಿಗಳ ಪೈಕಿ ಹೆಂಡತಿಯ ಕೈ ಅಡುಗೆ ಉಂಡು ಕೆಲಸಕ್ಕೆ ಬರುತ್ತಿದ್ದವನು ನಾನೊಬ್ಬನೇ. ರಾಫೆಲ್‌ಗೆ ಮನೆ ಬೇಕಿರಲಿಲ್ಲ. ಅವನ ಹೆಂಡತಿ ಬೊಂಬಾಯಿಯಲ್ಲಿ ಯಾವತ್ತೋ ಅವನನ್ನು ಬಿಟ್ಟಿದ್ದಳು, ಹೊಟೇಲಿನ ಹಿಂಬದಿಯ ಕೋಣೆಯಲ್ಲಿ ಅವನ ವಾಸ.

ಉಮಾವತಿ ಬಂದು ಎರಡು ತಿಂಗಳಾಗಿತ್ತು. ನಮ್ಮ ಊರ ಕಡೆಯವರ ಕೂಟದ ವಾರ್ಷಿಕೋತ್ಸವ, ಶುಕ್ರವಾರ ಸಂಜೆ, ಒಂದು ಶಾಲೆಯ ಹಾಲಿನಲ್ಲಿ. ಮುಖ್ಯ ಅತಿಥಿ ರಾಫೆಲ್. ಅವನು ಎರಡು ತುಣುಕು ಬಾರಿಸಿ, ಚಪ್ಪಾಳೆ ನಿಂತ ಮೇಲೆ ಮೈಕು ಹಿಡಿದು, ಕಾಗದದ ಪ್ರಕಾರ ತಾನು ಬಡಗಿ, ನಿಜವಾದ ಸಂಗೀತಗಾರ ಈ ಸಭೆಯಲ್ಲೇ ಇದ್ದಾರೆ ಎಂದ. ನನ್ನ ಹೆಸರು ಕರೆದ. ನಾಲ್ಕು ಜನ ನನ್ನನ್ನು ಎಬ್ಬಿಸಿ ಸ್ಟೇಜಿಗೆ ತಳ್ಳಿದರು. ಪಿಯಾನೊದ ಮುಂದೆ ಕುರ್ಚಿ ಎಳೆದುಕೊಟ್ಟು, ಸರಕಾರವೇ ಒಪ್ಪಿದ ಮೇಲೆ ನಾವು ಕೇಳದೆ ಬಿಡುವುದುಂಟಾ ಎಂದು ಅವನು ಕೈಕಟ್ಟಿ ನಿಂತ. ನಾನು ಕೂತೆ. ಏನು ಮಾಡಬೇಕೆಂದು ತಿಳಿಯಲಿಲ್ಲ. ಇಡೀ ಹಾಲು ನಕ್ಕಿತು, ಮಕ್ಕಳೂ ನಕ್ಕರು. ಮೂರನೆಯ ಸಾಲಿನಲ್ಲಿ ಉಮಾವತಿ ಹೊಸ ಸೀರೆಯುಟ್ಟು ತಲೆ ತಗ್ಗಿಸಿ ಕೂತಿದ್ದಳು. ಅವಳ ಬೈತಲೆ ಮಾತ್ರ ನನಗೆ ಕಾಣುತ್ತಿತ್ತು.

ಅದು ತಮಾಷೆ, ತಮಾಷೆಯನ್ನು ತಮಾಷೆಯಾಗಿ ತೆಗೆದುಕೊಳ್ಳಬೇಕು ಎಂದು ಆಮೇಲೆ ಅನೇಕರು ನನಗೆ ಬುದ್ಧಿ ಹೇಳಿದರು. ಅವರ ಹೆಂಡತಿಯರ ಎದುರಿಗೆ ಅದು ನಡೆದಿರಲಿಲ್ಲ.

ಆಮೇಲೆ ಆರು ವರ್ಷ ನಾವು ಮಾತಾಡಲಿಲ್ಲ. ಅವನು ಮೇಲೆ ಮೇಲೆ ಹೋದ. ಗುರುವಾರ ಸಂಜೆಗಳಲ್ಲಿ ಎಣ್ಣೆ ಕಂಪೆನಿಯ ಅಮೆರಿಕನ್ನರೂ ಇಂಗ್ಲಿಷರೂ ಅವನ ಬ್ಯಾಂಡು ಕೇಳಲು ಸಾಲು ನಿಲ್ಲುತ್ತಿದ್ದರು. ಬುದಯ್ಯ ಎಂಬ ಹಳ್ಳಿಯ ತೋಟದ ಬಂಗಲೆಗಳಿಗೆ ಅವನನ್ನು ಕಾರು ಕಳಿಸಿ ಕರೆಸುತ್ತಿದ್ದರು. ಅವನು ಎಲ್ಲರೊಡನೆಯೂ ಜಗಳವಾಡಿದ. ಇಗರ್ಜಿಯ ಕೊಯರಿನವರು ಆರ್ಗನ್ ಬಾರಿಸಲು ಕರೆದರೆ, ನೀವು ಹಾಡುವುದಕ್ಕೆ ಆರ್ಗನ್ ಯಾಕೆ, ಗಂಟೆ ಸಾಕು ಎಂದನಂತೆ. ಊರವರ ಮದುವೆಗೆ ಕರೆದರೆ ಮದುವೆ ಬ್ಯಾಂಡು ತನ್ನದಲ್ಲ ಎಂದ. ಬ್ಯಾಂಡಿನ ಡ್ರಮ್ಮರ್ ಡೆನ್ನಿಸ್ ಒಂದು ಪೆಟ್ಟು ತಪ್ಪಿದರೆ ಜನರ ಎದುರಿಗೇ ಬಾರಿಸುವುದನ್ನು ನಿಲ್ಲಿಸಿ, ತಿರುಗಿ, ಅವನು ಬೆವರುವವರೆಗೆ ನೋಡುತ್ತಿದ್ದ. ಬಾಗಿಲುಗಳನ್ನು ಒಂದೊಂದಾಗಿ ತಾನೇ ಮುಚ್ಚಿಕೊಂಡ. ಪಿಯಾನೊ ಒಂದಿದ್ದರೆ ಸಾಕು ಎಂದುಕೊಂಡಿದ್ದ.

೧೯೮೪ರಲ್ಲಿ ಕಂಪೆನಿಗೆ ಹೊಸ ಮ್ಯಾನೇಜರ್ ಬಂದ. ತಪಾಸಣೆಯವರು ಬಂದು ಹೋಗಿದ್ದರೋ ಏನೋ, ಯಾರ ಕಾಗದದಲ್ಲಿ ಯಾವ ಕಸುಬು ಇದೆಯೋ ಅವರು ಅದನ್ನೇ ಮಾಡಬೇಕು, ಒಪ್ಪದವರು ಊರಿಗೆ ಹೋಗಬಹುದು ಎಂದು ಆರ್ಡರ್ ಹೊರಡಿಸಿದ. ಹಸೈನಾರ್ ಅದೇ ಹಳೆಯ ಅರ್ಜಿ ಹಿಡಿದು ನನ್ನ ಮನೆಗೆ ಬಂದ. ಈ ಸಲ ರಾಫೆಲ್ ತನ್ನ ಸಹಿ ಮೊದಲೇ ಹಾಕಿದ್ದ.

ನಾನು ಅರ್ಜಿ ಓದಿ ವಾಪಸ್ ಕೊಟ್ಟೆ. ಸಹಿ ಹಾಕಿದರೆ ನಾನು ಬಡಗಿ. ಬಡಗಿಯಾದರೆ ಜಿಂಜ್‌ನ ಮನೆ ಹೋಗುತ್ತದೆ, ಉಮಾವತಿಯ ವೀಸಾ ಹೋಗುತ್ತದೆ, ಐದು ವರ್ಷದ ಮಗಳು ಅಪ್ಪಿಯ ವೀಸಾ ಹೋಗುತ್ತದೆ. ಇದನ್ನು ನಾನು ಹಸೈನಾರನಿಗೆ ನಿಧಾನವಾಗಿ ವಿವರಿಸಿದೆ. ಅವನು ಒಪ್ಪಿಕೊಂಡ. ಊರವರೆಲ್ಲ ಒಪ್ಪಿಕೊಂಡರು. ಹೆಂಡತಿ ಮಗುವನ್ನು ಊರಿಗೆ ಕಳಿಸಿ ಇನ್ನೊಬ್ಬನಿಗೆ ಪಿಯಾನೊ ಕೊಡಿಸು ಎಂದು ಯಾರು ತಾನೆ ಹೇಳಿಯಾರು? ಕಾರಣ ಅಷ್ಟು ಗಟ್ಟಿಯಾಗಿತ್ತು. ನಾನೂ ಅದನ್ನು ನಂಬಿದ್ದೆ.

ಹೀಗೆ ರಾಫೆಲ್ ಲಸ್ರಾದೊ, ಐವತ್ತೈದು ವರ್ಷ, ಒಂದು ಭಾನುವಾರ ಬೆಳಿಗ್ಗೆ ಕಂಪೆನಿಯ ಬಸ್ಸಿನಿಂದ ಸಲ್ಮಾಬಾದಿನಲ್ಲಿ ಇಳಿದ. ಬಿಳಿ ಅಂಗಿ, ಪಾಲಿಶ್ ಮಾಡಿದ ಬೂಟು. ನಾನು ಆಗ ವರ್ಕ್‌ಶಾಪಿನ ಫೋರ್‌ಮನ್. ಬೇರೆಯವನಿಗೆ ಕೆಲಸ ವಹಿಸಿಕೊಟ್ಟು ಹೊಟೇಲಿಗೆ ಹೋಗಲು ನನಗೆ ಮೂರು ದಿನ ಬಾಕಿ ಇತ್ತು. ಅವನನ್ನು ಸ್ಟೋರಿನಲ್ಲಿ ಮೊಳೆ ಎಣಿಸಲು ಕೂರಿಸಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ನಾನು ಅವನ ಕೈಗೆ ದೊರಗು ಸ್ಯಾಂಡ್‌ಪೇಪರ್ ಕೊಟ್ಟು ನಲವತ್ತು ಬಾಗಿಲುಗಳನ್ನು ತೋರಿಸಿದೆ. ಕೈಗವಸು ಕೇಳಿದ. ಇಲ್ಲ ಎಂದೆ. ಇತ್ತು. ಸ್ಯಾಂಡ್‌ಪೇಪರ್ ಮೊದಲು ಬೆರಳ ತುದಿಯ ಚರ್ಮವನ್ನೇ ತಿನ್ನುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಕೊಟ್ಟೆ. ಮೂರು ದಿನವೂ ಅವನು ಬರಿಗೈಯಲ್ಲಿ ಉಜ್ಜಿದ. ಬಾಗಿಲುಗಳು ಚೆನ್ನಾಗಿಯೇ ಬಂದವು, ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ನಾಲ್ಕನೆಯ ದಿನ ನಾನು ಹೊಟೇಲಿಗೆ ಹೋದೆ. ಸಂಗೀತಗಾರ ಬ್ಯಾಂಡಿನಲ್ಲಿ ಇರಲೇಬೇಕು ಎಂದು ಮ್ಯಾನೇಜರನ ಹಟ. ರಾಫೆಲ್‌ನ ಜಾಗಕ್ಕೆ ಸ್ಟೀಫನ್ ಎಂಬ ಹುಡುಗಾಟದ ಪಿಯಾನೊದವನನ್ನು ತಂದಿದ್ದರು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೋ ಟೈ ಕಟ್ಟಿಸಿ, ಕೈಗೆ ಗಿಲಿಗಿಲಿ ತಟ್ಟೆಗಳಿರುವ ಟ್ಯಾಂಬೊರಿನ್ ಕೊಟ್ಟು ಡೆನ್ನಿಸ್‌ನ ಪಕ್ಕ ನಿಲ್ಲಿಸಿದ. ಊರಿನ ಭಜನಾ ಮಂದಿರದಲ್ಲಿ ತಾಳ ಹಾಕಿದವನಾದ್ದರಿಂದ ಪೆಟ್ಟು ತಪ್ಪದಷ್ಟು ಬುದ್ಧಿ ನನಗಿತ್ತು. ವಾರಕ್ಕೆ ಆರು ಸಂಜೆ, ಮೂರು ಮೂರು ಗಂಟೆ. ಮೊದಲ ತಿಂಗಳು ನಾಚಿಕೆಯಾಯಿತು, ಎರಡನೆಯ ತಿಂಗಳು ಅಭ್ಯಾಸವಾಯಿತು.

ಮೂರನೆಯ ತಿಂಗಳು ಕೇಳಿಸಲು ಶುರುವಾಯಿತು. ಅದು ಆಗಬಾರದಿತ್ತು.

ರಾಫೆಲ್‌ನ ಕಾಲದಲ್ಲಿ ಲೌಂಜಿನಲ್ಲಿ ರೆಕಾರ್ಡು ಮಾಡಿದ ಒಂದು ಕ್ಯಾಸೆಟ್ಟನ್ನು ಡೆನ್ನಿಸ್ ನನಗೆ ಕೊಟ್ಟಿದ್ದ, ಅದೇ ಹಾಡುಗಳು, ಕಲಿತುಕೋ ಎಂದು. ಮಧ್ಯಾಹ್ನ ಮನೆಯಲ್ಲಿ ಹಾಕಿ ಕೇಳುತ್ತಿದ್ದೆ. ಸ್ಟೀಫನ್ ಎರಡು ಕೈಯಲ್ಲೂ ಬಿಡುವಿಲ್ಲದೆ ತುಂಬುತ್ತಿದ್ದ. ರಾಫೆಲ್ ಬಿಡುತ್ತಿದ್ದ. ಎಡಗೈ ಸುಮ್ಮನಾಗಿ, ಒಂದು ಪೆಟ್ಟು, ಎರಡು ಪೆಟ್ಟು, ಇವನು ಮರೆತನೇನೋ ಎಂದು ನಾವು ಗಾಬರಿಯಾಗುವಷ್ಟು ಹೊತ್ತು ಕಾದು, ಆಮೇಲೆ ಒಂದೇ ಒಂದು ಸ್ವರ ಇಟ್ಟರೆ ಇಡೀ ಬ್ಯಾಂಡು ಅದರ ಮೇಲೆ ಬಂದು ಕೂರುತ್ತಿತ್ತು. ಡ್ರಾಯರ್ ಮಾಡುವಾಗ ಸುತ್ತ ಒಂದು ನೂಲು ಜಾಗ ಬಿಡಬೇಕು. ಬಿಡದಿದ್ದರೆ ಎಷ್ಟು ಚಂದದ ಮರವಾದರೂ ಎಳೆಯಲು ಬರುವುದಿಲ್ಲ. ಇದನ್ನು ಕಲಿಯಲು ನನಗೆ ಎಂಟು ವರ್ಷ ಬೇಕಾಗಿತ್ತು. ಅವನಿಗೂ ಯಾರೋ ಹಾಗೆಯೇ ಕಲಿಸಿರಬೇಕು, ಅವನೂ ಪೆಟ್ಟು ತಿಂದೇ ಕಲಿತಿರಬೇಕು. ಸಲ್ಮಾಬಾದಿನಲ್ಲಿ ನಾನು ಬಾಗಿಲು ಉಜ್ಜಲು ಹಚ್ಚಿದ ಕೈ ಯಾವುದೆಂದು ಆಗ ಸರಿಯಾಗಿ ಗೊತ್ತಾಯಿತು. ಗೊತ್ತಾದ ಮೇಲೆ ಅವನ ಮೇಲಿನ ಸಿಟ್ಟು ಕಡಿಮೆಯಾಗಬೇಕಿತ್ತು. ಇಷ್ಟು ದೊಡ್ಡದು ಇಂಥ ಮನುಷ್ಯನ ಕೈಗೆ ಯಾಕೆ ಸಿಕ್ಕಿತು ಎಂದು ಅದು ಹೆಚ್ಚಾಯಿತು.

೧೯೮೫ರ ಮಾರ್ಚ್ ಮೊದಲ ಶುಕ್ರವಾರ, ಊಟವಾಗಿ ಮಲಗಿದ್ದೆ. ಬಾಗಿಲು ತಟ್ಟಿದ ಶಬ್ದ. ಉಮಾವತಿ ತೆಗೆದಳು. ರಾಫೆಲ್ ನಿಂತಿದ್ದ, ಅದೇ ಬಿಳಿ ಅಂಗಿ, ಈಗ ಕಾಲರು ಸವೆದಿತ್ತು. ಉಮಾವತಿ ಕುರ್ಚಿ ಕೊಟ್ಟಳು, ಚಾ ಇಟ್ಟಳು. ಅವನು ಲೋಟವನ್ನು ಅಂಗೈಗಳ ನಡುವೆ ಹಿಡಿದ. ಬೆರಳ ತುದಿಗಳು ನಮ್ಮ ವರ್ಕ್‌ಶಾಪಿನ ಎಲ್ಲರ ಬೆರಳುಗಳ ಹಾಗೆಯೇ ಆಗಿದ್ದವು, ದಪ್ಪಗಟ್ಟಿ ಸೀಳು ಬಿಟ್ಟಿದ್ದವು.

ವಿಷಯವನ್ನು ಅವನು ನೇರವಾಗಿ ಹೇಳಿದ. ಅವನ ವೀಸಾ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಈಗ ಕಸುಬು ಬದಲಾದರೆ ಮ್ಯಾನೇಜರ್ ಅವನನ್ನು ಲೌಂಜಿನ ಪಿಯಾನೊಗೆ ವಾಪಸ್ ಕರೆಯಲು ತಯಾರಿದ್ದಾನೆ. ಅಮೆರಿಕನ್ನರು ಕೇಳಿದ್ದಾರಂತೆ. ಬದಲಾಗದಿದ್ದರೆ ವೀಸಾ ಮುಂದುವರಿಸುವುದಿಲ್ಲ, ಅವನು ಊರಿಗೆ ಹೋಗಬೇಕು. ಬೊಂಬಾಯಿಯಲ್ಲಿ ಈಗ ಅವನನ್ನು ಕೂರಿಸುವ ಒಂದು ಪಿಯಾನೊವೂ ಇಲ್ಲ, ಇನ್ನೊಂದು ಕೊಲ್ಲಿ ದೇಶಕ್ಕೆ ಹೋಗೋಣವೆಂದರೆ ಪಾಸ್‌ಪೋರ್ಟಿನಲ್ಲಿ ಹತ್ತು ವರ್ಷದ ಬಡಗಿ ಎಂದಿದೆ. ಅರ್ಜಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಕ್ಷಮೆ ಕೇಳಲಿಲ್ಲ. ಸ್ಟೇಜಿನ ಮಾತು ಎತ್ತಲಿಲ್ಲ. ಅದು ಅವನಿಗೆ ನೆನಪಿತ್ತೋ ಇಲ್ಲವೋ, ಅದೇ ನನಗೆ ತಿಳಿಯಲಿಲ್ಲ.

ಅವನು ಚಾ ಮುಗಿಸಿ, ನಿನ್ನೆ ಸಂಜೆ ಹೊಟೇಲಿನ ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ನಿಂತು ನಿಮ್ಮ ಬ್ಯಾಂಡು ಕೇಳಿದೆ ಎಂದ.

“ನಿನ್ನ ತಾಳ ಸರಿ ಉಂಟು, ಮುಂಡಪ್ಪ. ಆ ಸ್ಟೀಫನ್ ಓಡ್ತಾನೆ. ನೀನು ಅವನ ಹಿಂದೆ ಓಡ್ಬೇಡ. ನಿಂತ್ಕೊ, ಅವನೇ ವಾಪಸ್ ಬರ್ತಾನೆ.”

ಹತ್ತು ವರ್ಷದಲ್ಲಿ ಅವನು ನನ್ನನ್ನು ಹೆಸರು ಹಿಡಿದು ಮರ್ಯಾದೆಯಿಂದ ಕರೆದದ್ದು ಅದೊಂದೇ ಸಲ. ಅದು ಪುಸಲಾಯಿಸುವ ಮಾತಾಗಿರಲಿಲ್ಲ, ಅಂಥ ಮಾತು ಅವನಿಗೆ ಬರುತ್ತಲೇ ಇರಲಿಲ್ಲ. ನಿಜ ಹೇಳುತ್ತೇನೆ, ಆ ಮಾತು ನನಗೆ ಹಿತವಾಯಿತು. ಹಾಗೆ ಹಿತವಾದದ್ದಕ್ಕೇ ಅವನ ಮೇಲೆ ಮತ್ತೆ ಕೋಪ ಬಂತು. ಹೆಂಡತಿ ಮಗುವಿನ ಕಾರಣವನ್ನು ಇನ್ನೊಮ್ಮೆ ಹೇಳಿದೆ. ಹೇಳಿ ಹೇಳಿ ಅದು ನನಗೆ ಬಾಯಿಪಾಠವಾಗಿತ್ತು.

ಬಾಗಿಲ ಬಳಿ ನಿಂತಿದ್ದ ಉಮಾವತಿ ಮುಂದೆ ಬಂದಳು. ನನ್ನನ್ನು ನೋಡಲಿಲ್ಲ, ಅವನಿಗೆ ಹೇಳಿದಳು.

“ಪೊರ್ಬುಗಳೇ, ನಾನೂ ಮಗುವೂ ಊರಿಗೆ ಹೋಗ್ತೇವೆ. ಜೂನಿಗೆ ಹೇಗೂ ಅವಳನ್ನು ಒಂದನೇ ಕ್ಲಾಸಿಗೆ ಸೇರಿಸ್ಲಿಕ್ಕುಂಟು. ಅಮ್ಮ ಇದ್ದಾರೆ, ಮನೆ ಉಂಟು. ನಮಗೆ ಎಂತ ಕಷ್ಟ ಇಲ್ಲ. ಇವರು ಸಹಿ ಹಾಕ್ತಾರೆ.”

ಅಲಮಾರಿನ ಮೇಲಿದ್ದ ಪೆನ್ನು ತೆಗೆದು ಅರ್ಜಿಯ ಪಕ್ಕದಲ್ಲಿ ಇಟ್ಟಳು.

ಇಬ್ಬರೂ ನನ್ನ ಕೈ ನೋಡುತ್ತಿದ್ದರು. ನನ್ನ ಕಾರಣವನ್ನು ಅವಳು ಎಷ್ಟು ಸುಲಭವಾಗಿ ಎತ್ತಿ ಆಚೆ ಇಟ್ಟಳೆಂದರೆ, ಅದರ ಹಿಂದೆ ಏನಿತ್ತೆಂದು ನನಗೂ ಕಾಣಿಸಿತು. ಅಲ್ಲಿ ಹೆಂಡತಿ ಇರಲಿಲ್ಲ, ಮಗಳು ಇರಲಿಲ್ಲ. ನಾನು ಪೆನ್ನನ್ನು ಮುಟ್ಟದೆ, ಆಗುವುದಿಲ್ಲ ಎಂದೆ.

ರಾಫೆಲ್ ಅರ್ಜಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಎದ್ದು ನಿಂತ ಮೇಲೆ ಮಾತಾಡಿದ. ಸಿಟ್ಟಿರಲಿಲ್ಲ.

“ಸಂಸಾರ ಇರುವವ, ಅವನಾದರೂ ಎಂತ ಮಾಡ್ತಾನೆ ಅಂತ ಈ ಒಂದು ವರ್ಷ ಎಲ್ಲರ ಹತ್ತಿರ ನಿನ್ನ ಪರವಾಗಿ ನಾನೇ ಹೇಳ್ತಾ ಇದ್ದೆ.”

ಉಮಾವತಿಗೆ ಕೈ ಮುಗಿದು ಹೊರಟ. ಅವಳು ಮೆಟ್ಟಿಲವರೆಗೆ ಹೋಗಿ ಬಂದು ಚಾದ ಲೋಟ ತೊಳೆದಳು. ಮಾರನೆಯ ದಿನ ಬಟ್ಟೆ ಕಟ್ಟಲು ಶುರು ಮಾಡಿದಳು. ಬೇಡ ಎಂದೆ, ಜೂನಿಗೆ ಇನ್ನೂ ಮೂರು ತಿಂಗಳಿದೆ ಎಂದೆ, ಕೂಗಾಡಿದೆ. ನಾವು ಇಲ್ಲಿ ಇರುವವರೆಗೆ ನಿಮಗೆ ಸಹಿ ಹಾಕಲು ಮನಸ್ಸು ಬರುವುದಿಲ್ಲ, ಹೋದ ಮೇಲೆ ಬರುತ್ತದೆ ಎಂದಳು. ನನ್ನ ಬಗ್ಗೆ ಅವಳಿಗೆ ಅಷ್ಟು ನಂಬಿಕೆ ಇತ್ತು. ಮಾರ್ಚ್ ಹದಿನೇಳಕ್ಕೆ ಅಪ್ಪಿಯನ್ನು ಕರೆದುಕೊಂಡು ವಿಮಾನ ಹತ್ತಿದಳು.

ರಾಫೆಲ್‌ನ ವೀಸಾ ಮುಗಿಯಲು ಇನ್ನೂ ಎರಡು ವಾರ ಇತ್ತು. ಹಸೈನಾರ್ ಎರಡು ಸಲ ಬಂದ. ಖಾಲಿ ಮನೆಯನ್ನು ಒಮ್ಮೆ ಸುತ್ತ ನೋಡಿ, ಇನ್ನೆಂತ ಅಡ್ಡಿ ಮಾರಾಯ ಎಂದು ಕೇಳಿದ. ಮೊದಲ ಸಲ ತಲೆನೋವು ಎಂದೆ. ಎರಡನೆಯ ಸಲ ಬಾಗಿಲು ತೆಗೆಯಲಿಲ್ಲ, ಒಳಗೆ ಕುರ್ಚಿಯ ಮೇಲೆ ಕೂತು ಅವನು ಮೆಟ್ಟಿಲಿಳಿಯುವುದನ್ನು ಕೇಳಿದೆ. ಮೂವತ್ತೊಂದಕ್ಕೆ ರಾಫೆಲ್ ಲಸ್ರಾದೊ, ಬಡಗಿ, ಬಹರೈನ್ ಬಿಟ್ಟು ಹೋದ. ಅವತ್ತು ಸಂಜೆ ನಾನು ಬ್ಯಾಂಡಿನಲ್ಲಿದ್ದೆ. ಸ್ಟೀಫನ್ ಓಡಿದ. ನಾನು ನಿಂತೆ. ಎಂಟು ಪೆಟ್ಟು ಕಳೆಯುವುದರೊಳಗೆ ಅವನು ವಾಪಸ್ ಬಂದ.

ಏಪ್ರಿಲಿನಲ್ಲಿ ಉಮಾವತಿಯ ಕಾಗದ ಬಂತು. ಅಪ್ಪಿಗೆ ಶೀತವಾಗಿ ಗುಣವಾಯಿತು, ಅಮ್ಮನ ಮಂಡಿನೋವು ಹಾಗೇ ಇದೆ, ಸ್ಕೂಲಿನ ಹೆಡ್‌ಮಾಸ್ಟರನ್ನು ಕಂಡು ಮಾತಾಡಿದ್ದಾಳೆ. ಕೊನೆಗೆ ಒಂದು ಸಾಲು, ಪೊರ್ಬುಗಳು ಈಗ ಪಿಯಾನೊ ಬಾರಿಸುತ್ತಿದ್ದಾರಾ, ನೀವು ಯಾವಾಗ ಕ್ಯಾಂಪಿಗೆ ಹೋದಿರಿ, ಅಲ್ಲಿಯ ವಿಳಾಸ ಬರೆಯಿರಿ ಎಂದು. ಜಿಂಜ್‌ನ ಎರಡು ಕೋಣೆಯ ಮನೆಯಲ್ಲಿ ಕೂತು ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಆಮೇಲೆ ಕಾಗದ ತೆಗೆದುಕೊಂಡು, ಅಪ್ಪಿಗೆ ಯಾವ ಬಣ್ಣದ ಯೂನಿಫಾರ್ಮ್ ಎಂದು ಮಾತ್ರ ಕೇಳಿ, ಉತ್ತರ ಬರೆದು ಹಾಕಿದೆ.